ಚೊಗರು ಕುಡಿದ ಹಲಗೆಗಳು

ಅವಳ ಪ್ರಯೋಗದ ಪುಸ್ತಕಕ್ಕೆ ಗೆರೆ ಹೊಡೆದುಕೊಟ್ಟವಳು ನಾನೇ. ಕೆಂಪು ಶಾಯಿ, ಸ್ಟೀಲ್ ಸ್ಕೇಲು, ಪುಟಕ್ಕೆ ಎಂಟು ಕಾಲಂ. ದಿನಾಂಕ, ಹಲಗೆಯ ಸಂಖ್ಯೆ, ನಾರಿನ ತೂಕ, ಅಂಟಿನ ತೂಕ, ಚೊಗರಿನಲ್ಲಿ ನೆನೆದ ಅವಧಿ, ಒಣಗಿದ ಮೇಲಿನ ತೂಕ, ಮಣ್ಣಿನಿಂದ ತೆಗೆದ ಮೇಲಿನ ತೂಕ, ಷರಾ. ಇನ್ನೂರು ಪುಟಗಳಿಗೆ ಗೆರೆ ಹೊಡೆಯಲು ಎರಡು ಭಾನುವಾರ ಹಿಡಿಯಿತು. ಅವಳು ತಾನೇ ಹೊಡೆದುಕೊಳ್ಳುತ್ತೇನೆ ಎಂದಿದ್ದಳು. ಅವಳ ಗೆರೆ ಸೊಟ್ಟ ಎಂದು ಹೇಳಿ ಪುಸ್ತಕ ಮನೆಗೆ ತಂದಿದ್ದೆ.

ಕೊಪ್ಪದ ಕಾಲೇಜಿನಲ್ಲಿ ನಾನು ಆಗ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆ. ನಿವೃತ್ತಿಗೆ ಐದು ವರ್ಷ ಉಳಿದಿತ್ತು. ಏಳನೆಯ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ದೀಪ ಆರಿಸುವುದು. ಅದನ್ನು ಕಷ್ಟ ಎಂದು ನಾನು ಯಾವತ್ತೂ ತಿಳಿಯಲಿಲ್ಲ. ಪ್ರಯೋಗಾಲಯದ ಬಾಗಿಲು ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತಿತ್ತು, ಸಂಜೆ ಐದಕ್ಕೆ ಮುಚ್ಚುತ್ತಿತ್ತು. ಬ್ಯೂರೆಟ್ಟುಗಳು ತಲೆಕೆಳಗಾಗಿ, ಬಾಟಲಿಗಳು ಅಕಾರಾದಿಯಲ್ಲಿ. ಪುಸ್ತಕದಲ್ಲಿ ಪೆನ್ಸಿಲು ಕೂಡದು, ರಬ್ಬರು ಕೂಡದು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಬೇಕು. ಹೀಗೆ ಕಲಿತ ಹುಡುಗರು ಬೇರೆ ಊರುಗಳಿಗೆ ಹೋಗಿ, 'ನಮ್ಮ ಕೊಪ್ಪದ ಮೇಡಂ ಕಲಿಸಿದ ಪುಸ್ತಕದ ಅಭ್ಯಾಸ' ಎಂದು ಕಾಗದ ಬರೆಯುತ್ತಿದ್ದರು. ಆ ಕಾಗದಗಳನ್ನು ಒಂದು ಫೈಲಿನಲ್ಲಿ ಇಟ್ಟಿದ್ದೆ.

ಅವಳು ಬಂದದ್ದು 2003ರಲ್ಲಿ, ಅತಿಥಿ ಉಪನ್ಯಾಸಕಿಯಾಗಿ. ಮೇಗುಂದದವಳು. ಎಂ.ಎಸ್ಸಿ. ಮುಗಿಸಿ ಆಗಷ್ಟೇ ಒಂದು ವರ್ಷವಾಗಿತ್ತು. ಅವಳ ತಂದೆ ಅಡಿಕೆ ಬೇಯಿಸುವವರು. ಅಂದರೆ, ಸ್ವಂತ ಹಂಡೆ ಇಲ್ಲದ ಸಣ್ಣ ಬೆಳೆಗಾರರು ಸುಲಿದ ಅಡಿಕೆಯನ್ನು ಅವರ ಅಂಗಳಕ್ಕೆ ತಂದು ಹಾಕುತ್ತಿದ್ದರು, ಅವರು ಹದವಾಗಿ ಬೇಯಿಸಿಕೊಡುತ್ತಿದ್ದರು. ಬೆಂದ ನಂತರ ಹಂಡೆಯಲ್ಲಿ ಉಳಿಯುವ ಕೆಂಪು ಒಗರು ನೀರೇ ಚೊಗರು. ಅಡಿಕೆಗೆ ಬಣ್ಣ ಬರಲು ಅದನ್ನೇ ಮತ್ತೆ ಮತ್ತೆ ಬಳಸುತ್ತಾರೆ. ಗಟ್ಟಿಯಾದಷ್ಟೂ ಒಳ್ಳೆಯದು.

ಅವಳಿಗೆ ಪಾಠ ಮಾಡುವ ಆಸೆಗಿಂತ ಸಂಶೋಧನೆಯ ಆಸೆ ಹೆಚ್ಚು. ಸಾಮಗ್ರಿ ವಿಜ್ಞಾನ ಅವಳ ವಿಷಯ. ಒಂದು ವಸ್ತು ಏಕೆ ಗಟ್ಟಿ, ಏಕೆ ಮುರಿಯುತ್ತದೆ, ಏಕೆ ಕೊಳೆಯುತ್ತದೆ ಎಂದು ತಿಳಿಯುವುದು, ತಿಳಿದು ಹೊಸದನ್ನು ಮಾಡುವುದು. ಅಂಥ ಕೆಲಸಕ್ಕೆ ಬೇಕಾದ ಯಂತ್ರಗಳಲ್ಲಿ ಒಂದೂ ನಮ್ಮಲ್ಲಿ ಇರಲಿಲ್ಲ. ಒಳ್ಳೆಯ ಸಂಸ್ಥೆಯೊಂದಕ್ಕೆ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಬೇಕು, ಸೇರಲು ಕೈಯಲ್ಲಿ ಏನಾದರೂ ಕೆಲಸ ಇರಬೇಕು, ಕೆಲಸ ಮಾಡಲು ಸಂಸ್ಥೆ ಬೇಕು. ಈ ಸುತ್ತಿನಲ್ಲಿ ಅವಳು ಎರಡು ಕಡೆ ಸಂದರ್ಶನಕ್ಕೆ ಹೋಗಿ ಬರಿಗೈಯಲ್ಲಿ ಬಂದಿದ್ದಳು.

ಒಂದು ದಿನ ಅವಳು ಅಂಗೈಯಲ್ಲಿ ಅಡಿಕೆ ಸಿಪ್ಪೆಯ ನಾರು ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಳು.

"ಮೇಡಂ, ಇದರಲ್ಲಿ ಹಲಗೆ ಮಾಡಿದ್ರೆ?"

"ಮಾಡ್ತಾರೆ. ಹೊಸತೇನಲ್ಲ."

"ಮಾಡ್ತಾರೆ, ಆದ್ರೆ ನಮ್ಮ ಮಳೆಗೆ ಕೊಳೆತು ಹೋಗ್ತದೆ. ನಮ್ಮ ಅಪ್ಪ ಚೊಗರು ಬಿದ್ದ ಗೋಣಿ ಹತ್ತು ವರ್ಷ ಇಟ್ಕೊಳ್ತಾರೆ ಮೇಡಂ. ಬೇರೆ ಗೋಣಿ ಒಂದು ಮಳೆಗಾಲಕ್ಕೆ ಪುಡಿ ಆಗ್ತದೆ. ನಾರನ್ನ ಚೊಗರಲ್ಲಿ ನೆನೆಸಿ ಹಲಗೆ ಮಾಡಿದ್ರೆ?"

ನಾನು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟೆ. ಇಪ್ಪತ್ನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ಯಾರೂ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿರಲಿಲ್ಲ.

ಕೆಲಸ ಶುರುವಾಯಿತು. ನಾರು ಒತ್ತಲು ಪೇಟೆಯ ಮುದ್ರಣಾಲಯದಿಂದ ಹಳೆಯ ಬೈಂಡಿಂಗ್ ಪ್ರೆಸ್ ತರಿಸಿದೆವು. ಅಂಟು ಪ್ಲೈವುಡ್‌ಗೆ ಹಾಕುವಂಥದ್ದು. ಅಂಗೈ ಅಗಲದ ಎಂಬತ್ತು ಹಲಗೆ ಮಾಡಿದಳು. ನಲವತ್ತಕ್ಕೆ ಚೊಗರು, ನಲವತ್ತಕ್ಕೆ ಬರೀ ನೀರು. ಹಿಂದಿನ ಜಗಲಿಯಲ್ಲಿ ಮರದ ತಟ್ಟೆಗಳಲ್ಲಿ ಒದ್ದೆ ಮಣ್ಣು ತುಂಬಿ ಎಲ್ಲವನ್ನೂ ಹುಗಿದಿಟ್ಟಳು. ಹದಿನೈದು ದಿನಕ್ಕೊಮ್ಮೆ ತೆಗೆದು, ತೊಳೆದು, ಒಣಗಿಸಿ ತೂಗಬೇಕು. ಎಷ್ಟು ತೂಕ ಕಡಿಮೆಯಾಯಿತೋ ಅಷ್ಟು ಕೊಳೆತಿದೆ ಎಂದು ಲೆಕ್ಕ.

ನಮ್ಮ ಅಟೆಂಡರ್‌ಗೆ ಇದೊಂದು ತಮಾಷೆ. ಅವನು ಕಮ್ಮರಡಿ ಕಡೆಯವನು, ನನ್ನಷ್ಟೇ ಹಳಬ. ಮಣ್ಣಿಗೆ ನೀರು ಚಿಮುಕಿಸುವ ಕೆಲಸ ಅವನದು.

"ಅಲ್ಲ ಸಣ್ಣ ಮೇಡಂ, ಜನ ಬೀಜ ಹುಗಿದು ಮೊಳಕೆ ಬಂತಾ ನೋಡ್ತಾರೆ. ನೀವು ಹಲಗೆ ಹುಗಿದು ಕೊಳೀತಾ ನೋಡ್ತೀರಿ. ಎಂತ ಬೆಳೆ ಮಾರಾಯ್ರೆ ಇದು?"

"ಇದು ಡಾಕ್ಟರೇಟ್ ಬೆಳೆ. ಐದು ವರ್ಷಕ್ಕೆ ಒಂದು ಫಸಲು," ಎಂದಳು ಅವಳು.

"ನಾನು ಅಷ್ಟರಲ್ಲಿ ರಿಟೈರು. ಫಸಲಿನಲ್ಲಿ ನನಗೂ ಪಾಲು ಇಡಿ, ನೀರು ಹಾಕಿದ್ದಕ್ಕೆ."

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅವಳು ಪುಸ್ತಕ ತುಂಬುತ್ತಿದ್ದವಳು ತಲೆ ಎತ್ತಿ ಕೇಳಿದಳು.

"ಮೇಡಂ, ಚೊಗರು ಯಾವ ಪಾತ್ರೇಲಿ ಬೇಯಿಸಿದ್ದು ಅಂತ ಬರೀಲಾ?"

"ಅದಕ್ಕೆ ಕಾಲಂ ಇದೆಯಾ?"

"ಇಲ್ಲ. ಷರಾದಲ್ಲಿ ಬರೀಬಹುದಲ್ಲ."

"ಷರಾ ಇರೋದು ಹಲಗೆ ಒಡೆದ್ರೆ, ನೀರು ಚೆಲ್ಲಿದ್ರೆ ಬರೆಯೋಕೆ. ಒಲೆಗೆ ಯಾವ ಕಟ್ಟಿಗೆ ಹಾಕಿದ್ರು, ಯಾರು ಊದಿದ್ರು, ಅದನ್ನೂ ಬರೀತೀಯಾ? ಪ್ರಯೋಗದ ಪುಸ್ತಕ ಕಥೆ ಪುಸ್ತಕ ಅಲ್ಲ."

ಅಟೆಂಡರ್ ನಕ್ಕ. ಅವಳೂ ನಕ್ಕಳು. ಪೆನ್ನಿನ ತುದಿ ಷರಾದ ಕಾಲಂ ಮೇಲೆ ಇಟ್ಟಿದ್ದವಳು ಅದನ್ನು ಎತ್ತಿ ಮುಂದಿನ ಸಾಲಿಗೆ ಹೋದಳು.

ನಾನು ಹಾಗೆ ಹೇಳಿದ್ದರಲ್ಲಿ ಕೋಪವೇನೂ ಇರಲಿಲ್ಲ. ಅಡಿಕೆ ಬೇಯಿಸುವುದು ತಾಮ್ರದ ಹಂಡೆಯಲ್ಲಿ. ನಾನು ಹುಟ್ಟಿದ ಶೃಂಗೇರಿ ಹತ್ತಿರದ ಮೆಣಸೆಯಲ್ಲೂ ಹಾಗೆ, ಅವಳ ಮೇಗುಂದದಲ್ಲೂ ಹಾಗೆ. ಬೇರೆ ಪಾತ್ರೆಯಲ್ಲಿ ಬೇಯಿಸಿದ್ದನ್ನು ನಾವಿಬ್ಬರೂ ಕಂಡಿರಲಿಲ್ಲ. ಹೊರಗಿನವರು ಯಾರಾದರೂ ನಮ್ಮ ಜೊತೆ ಇದ್ದಿದ್ದರೆ ಮೊದಲ ದಿನವೇ ಕೇಳುತ್ತಿದ್ದರು. ನಮಗೆ ಅದು ನೀರು ಒದ್ದೆ ಎಂದು ಬರೆದಷ್ಟೇ ಅನಗತ್ಯವಾಗಿ ಕಂಡಿತು. ನನಗೆ ಕಂಡಿತು ಎನ್ನಬೇಕು. ಅವಳು ಕೇಳಿದ್ದಳು.

ಮಳೆಗಾಲ ಮುಗಿಯುವಷ್ಟರಲ್ಲಿ ಬರೀ ನೀರಿನಲ್ಲಿ ನೆನೆಸಿದ ಹಲಗೆಗಳು ಬೆರಳಿಟ್ಟರೆ ಮುರಿಯುವ ಹಾಗೆ ಆಗಿದ್ದವು, ಮೇಲೆಲ್ಲ ಬಿಳಿ ಬೂಷ್ಟು. ಚೊಗರಿನವು ತೊಳೆದರೆ ಮೊದಲಿನಂತೆಯೇ ಇದ್ದವು. ಮೇಜಿಗೆ ಕುಟ್ಟಿದರೆ ಟಕ್ ಟಕ್ ಎನ್ನುತ್ತಿದ್ದವು. ಅವಳು ಒಂದನ್ನು ಕೈಯಲ್ಲಿ ಹಿಡಿದು ಕುಟ್ಟುತ್ತಲೇ ಇದ್ದಳು. ಸಾಕು ಎಂದು ನಾನು ಹೇಳಬೇಕಾಯಿತು.

ಮರುವರ್ಷ ಮತ್ತೊಮ್ಮೆ ಮಾಡಿಸಿದೆ. ಅದೇ ಫಲಿತಾಂಶ. ಶನಿವಾರಗಳಲ್ಲಿ ಅವಳು ಶಿವಮೊಗ್ಗದ ಬಸ್ಸು ಹತ್ತಿ ಗ್ರಂಥಾಲಯದಿಂದ ಬೇಕಾದ ಲೇಖನಗಳ ಜೆರಾಕ್ಸ್ ತರುತ್ತಿದ್ದಳು. ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಕರೆಂಟು ಇದ್ದಾಗ ಕೂತು ಟೈಪು ಮಾಡಿ, ಕರಾವಳಿಯ ಒಂದು ಸಂಸ್ಥೆಯಲ್ಲಿ ನಡೆದ ವಿಚಾರ ಸಂಕಿರಣಕ್ಕೆ ಒಂದು ಪ್ರಬಂಧ ಕಳಿಸಿ, ಹೋಗಿ ಓದಿಯೂ ಬಂದಳು. ಅಲ್ಲಿನ ಪ್ರಾಧ್ಯಾಪಕರೊಬ್ಬರು ಅದನ್ನು ಕೇಳಿ, ತಮ್ಮ ಯೋಜನೆಯಲ್ಲಿ ಒಂದು ಸ್ಥಾನ ಇದೆ, ಬಾ ಎಂದರು. ಒಂದು ಷರತ್ತು ಇತ್ತು. ಮೊದಲ ವರ್ಷ ತಾತ್ಕಾಲಿಕ. ಈ ಫಲಿತಾಂಶವನ್ನು ಅವರ ಪ್ರಯೋಗಾಲಯದಲ್ಲಿ ಅವಳೇ ಮತ್ತೆ ತೋರಿಸಿದರೆ ಪಿಎಚ್.ಡಿ.ಗೆ ನೋಂದಣಿ. ತೋರಿಸದಿದ್ದರೆ ವಾಪಸು.

ಹೊರಡುವ ದಿನ ಅವಳ ತಂದೆ ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಚೊಗರು ತುಂಬಿಕೊಂಡು ಕೊಪ್ಪದ ಬಸ್ ಸ್ಟ್ಯಾಂಡಿಗೆ ಬಂದಿದ್ದರು. ಕಂಡಕ್ಟರ್ ಮೂಸಿ ನೋಡಿ, "ಎಂತ ಮಾರಾಯ್ರೆ, ಕಷಾಯವಾ?" ಎಂದ.

"ಓದೂದಕ್ಕೆ," ಎಂದರು ತಂದೆ.

ಕಂಡಕ್ಟರ್ ಮತ್ತೇನೂ ಕೇಳದೆ ಕ್ಯಾನನ್ನು ಸೀಟಿನ ಕೆಳಗೆ ತಳ್ಳಿದ.

ಬುಧವಾರ ಮಧ್ಯಾಹ್ನ ಒಂದೂಕಾಲಕ್ಕೆ ಕಾಲೇಜಿನ ಫೋನಿಗೆ ಕರೆ ಮಾಡಬೇಕು ಎಂದು ನಾನು ಅವಳಿಗೆ ಹೇಳಿದ್ದೆ. ಒಂದು ವಾರವೂ ಅವಳು ತಪ್ಪಿಸಲಿಲ್ಲ. ಮೊದಲ ಎರಡು ತಿಂಗಳು ಸಂತೋಷದ ಸುದ್ದಿ. ಅಲ್ಲಿ ಮಳೆಗಾಲ ಕಾಯಬೇಕಾಗಿಲ್ಲ, ಬಿಸಿಯೂ ತೇವವೂ ಸದಾ ಇರುವ ಪೆಟ್ಟಿಗೆ ಇದೆ, ಮೂರು ವಾರದಲ್ಲಿ ಕೊಳೆಯುವುದು ಕೊಳೆಯುತ್ತದೆ. ಅಪ್ಪನ ಚೊಗರಿನ ಹಲಗೆ ಕೊಳೆಯಲಿಲ್ಲ. ಪ್ರಾಧ್ಯಾಪಕರು ಎಲ್ಲರನ್ನೂ ಕರೆದು ತೋರಿಸಿದರಂತೆ.

ಕ್ಯಾನು ಖಾಲಿಯಾಯಿತು. ಹಸಿ ಅಡಿಕೆ ತರಿಸಿಕೊಂಡು ಅಲ್ಲೇ ಚೊಗರು ಮಾಡಿಕೊಳ್ಳಲು ಪ್ರಾಧ್ಯಾಪಕರು ಹೇಳಿದರು. ಪ್ರಯೋಗಾಲಯದ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಅವಳು ಬೇಯಿಸಿದಳು. ಮೂರು ವಾರಕ್ಕೆ ಹಲಗೆಗಳ ಮೇಲೆ ಬೂಷ್ಟು ಬಂತು.

"ಒಣಗಿಸಿದ್ಯಾ ಸರಿಯಾಗಿ?" ನಾನು ಫೋನಿನಲ್ಲಿ ಕೇಳಿದೆ.

"ಒಣಗಿಸಿದೆ ಮೇಡಂ."

"ನೆನೆಸಿದ ಹೊತ್ತು?"

"ಪುಸ್ತಕದಲ್ಲಿ ಇದ್ದಷ್ಟೇ."

"ಹಾಗಾದ್ರೆ ತೂಗೋದ್ರಲ್ಲಿ ತಪ್ಪಿದೆ. ಕೈ ನಡುಗ್ತಿದೆ ನಿಂದು, ದೊಡ್ಡ ಜಾಗ ಅಂತ. ಮತ್ತೆ ಮಾಡು."

ಅವಳು ಮತ್ತೆ ಮಾಡಿದಳು. ಮತ್ತೆ ಬೂಷ್ಟು. ಮೂರನೆಯ ಸಲವೂ ಅದೇ. ಅಪ್ಪನ ಚೊಗರನ್ನೇ ತರಿಸಿಕೊಳ್ಳಲಾ ಎಂದು ಒಮ್ಮೆ ಕೇಳಿದಳು. ನಾನು ಬೇಡವೆಂದೆ. ಎಲ್ಲಿ ಮಾಡಿದರೂ, ಯಾರು ಮಾಡಿದರೂ ಒಂದೇ ಉತ್ತರ ಬಂದರೆ ಮಾತ್ರ ವಿಜ್ಞಾನ, ಮೇಗುಂದದ ಚೊಗರಿಗೆ ಮಾತ್ರ ಬರುವುದಾದರೆ ಅದು ಪವಾಡ ಎಂದೆ. ತತ್ವ ಸರಿಯಾಗಿಯೇ ಇತ್ತು. ಆದರೆ ಎರಡು ಚೊಗರಿನ ನಡುವೆ ವ್ಯತ್ಯಾಸ ಏನು ಎಂದು ಹುಡುಕಬೇಕಾಗಿದ್ದ ಹೊತ್ತಿನಲ್ಲಿ ನಾನು ಪ್ರತಿ ಬುಧವಾರ ಅವಳ ಕೈಯ ತಪ್ಪು ಹುಡುಕುತ್ತಿದ್ದೆ. ತೂಕದ ಬಟ್ಟನ್ನು ಬೆರಳಿನಿಂದ ಮುಟ್ಟಿದೆಯಾ, ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿದ್ದೆಯಾ, ಬೆವರು ಬಿತ್ತಾ. ಐದು ತಿಂಗಳು ಹೀಗೆ ನಡೆಯಿತು. ಅವಳ ಉತ್ತರಗಳು ಚಿಕ್ಕವಾಗುತ್ತಾ ಬಂದವು. ಕೊನೆಕೊನೆಗೆ, "ಹೌದು ಮೇಡಂ, ಕೈಯೇ ತಪ್ಪಿರಬೇಕು," ಎಂದು ಅವಳೇ ಮೊದಲು ಹೇಳಿಬಿಡುತ್ತಿದ್ದಳು.

ಫೆಬ್ರವರಿಯಲ್ಲಿ ಸಮಿತಿ ಕೂತು ಅವಳ ವರ್ಷದ ಕೆಲಸ ನೋಡುವುದಿತ್ತು. ಅದಕ್ಕೆ ಮೂರು ವಾರ ಮುಂಚೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಅವಳ ತಂದೆ ಪ್ರಯೋಗಾಲಯದ ಜಗಲಿಗೆ ಬಂದರು. ತಲೆಯ ಮೇಲೆ ಹಂಡೆ, ಕೈಯಲ್ಲಿ ಸಣ್ಣ ಕ್ಯಾನು. ಶೃಂಗೇರಿಯಲ್ಲಿ ಹಂಡೆಗೆ ತೇಪೆ ಹಾಕಿಸಿ, ಬಸ್ಸಿನ ಮೇಲೆ ಹಾಕಿಕೊಂಡು ಊರಿಗೆ ಹೋಗುವ ದಾರಿಯಲ್ಲಿ ಇಳಿದಿದ್ದರು.

"ಯಾರದ್ದು ಮದುವೆ? ಅಡಿಗೆಯವರು ಇಷ್ಟು ಬೇಗ ಬಂದ್ರಿ!" ಎಂದ ಅಟೆಂಡರ್.

ಅವರು ನಗಲಿಲ್ಲ. ಹಂಡೆ ಇಳಿಸಿ ಟವೆಲಿನಿಂದ ಮುಖ ಒರೆಸಿಕೊಂಡರು.

"ಮೇಡಂನೋರೇ, ಮಗಳು ಫೋನಲ್ಲಿ ಅಳ್ತಾಳೆ. ಎಂತದ್ದು ಅಂತ ಕೇಳಿದ್ರೆ ಹೇಳೂದಿಲ್ಲ. ಚೊಗರು ಸರಿ ಬರೂದಿಲ್ಲ ಅಂತ ಒಂದ್ಸಲ ಅಂದ್ಲು. ನಂಗೆ ಓದು ಗೊತ್ತಿಲ್ಲ. ಚೊಗರು ಗೊತ್ತು. ಅದಕ್ಕೆ ತಂದೆ. ಇದನ್ನ ಅವಳಿಗೆ ಕಳ್ಸಿ."

"ಕಳಿಸೋ ಹಾಗಿಲ್ಲ. ಅವಳೇ ಮಾಡಬೇಕು."

"ಮಾಡ್ಲಿ. ನಾ ಹೇಳಿಕೊಟ್ಟಿದ್ದೇನಲ್ಲ, ಸಣ್ಣವಳಿಂದ ನೋಡಿದ್ದಾಳೆ. ಅಲ್ಲಿ ಹಂಡೆ ಉಂಟಾ?"

ಜಗಲಿಯ ಮೇಲಿದ್ದ ಹಂಡೆಯ ಒಳಗೆ ನೋಡಿದೆ. ಹೊರಗೆ ಮಸಿ ಹಿಡಿದಿದ್ದರೂ ಒಳಗೆ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ತಳದಲ್ಲಿ ಅಂಗೈಯಷ್ಟು ದೊಡ್ಡ ತೇಪೆ.

"ಇಷ್ಟು ಚೆನ್ನಾಗಿ ತಿಕ್ಕುತ್ತೀರಾ?"

"ತಿಕ್ಕೂದು ಯಾರು ಮೇಡಂನೋರೇ? ಚೊಗರೇ ತಿಂದು ತೊಳೀತದೆ. ಅದಕ್ಕೇ ತಳ ಸವೆಯೂದು. ಐದಾರು ವರ್ಷಕ್ಕೊಂದು ತೇಪೆ ಬೇಕೇ ಬೇಕು."

ಚೊಗರು ತಿನ್ನುತ್ತದೆ. ತಿಂದದ್ದು ಎಲ್ಲಿಗೆ ಹೋಗುತ್ತದೆ? ಅವರನ್ನು ಜಗಲಿಯಲ್ಲೇ ಬಿಟ್ಟು ನಾನು ಒಳಗೆ ಹೋದೆ. ಕ್ಯಾನಿನಿಂದ ಒಂದು ಲೋಟ ಚೊಗರನ್ನು ಕುದಿಸಿ ಇಂಗಿಸಿ ಗಟ್ಟಿ ಮಾಡಿ, ಮೂಸೆಯಲ್ಲಿ ಸುಟ್ಟು ಬೂದಿ ಮಾಡಿದೆ. ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ಸೋಸಿ, ಅಮೋನಿಯಾ ಹನಿ ಹನಿಯಾಗಿ ಬಿಟ್ಟೆ. ಕಡು ನೀಲಿ. ತಾಮ್ರಕ್ಕೆ ಮಾಡುವ ಈ ಪರೀಕ್ಷೆಯನ್ನು ನಾನು ಮೊದಲ ವರ್ಷದ ಬಿ.ಎಸ್ಸಿ. ಹುಡುಗರಿಗೆ ಪ್ರತಿ ವರ್ಷ ಆಗಸ್ಟಿನಲ್ಲಿ ಕಲಿಸುತ್ತಿದ್ದೆ. ಬೂಷ್ಟನ್ನು ತಡೆದದ್ದು ಅಡಿಕೆಯ ಒಗರೊಂದೇ ಅಲ್ಲ, ಅದರಲ್ಲಿ ಕರಗಿದ್ದ ತಾಮ್ರ. ಬೆಳೆಗೆ ಕೊಳೆರೋಗ ಬರದ ಹಾಗೆ ನಾವು ಮಳೆಗಾಲದಲ್ಲಿ ಹೊಡೆಯುವ ಔಷಧಿಯಲ್ಲಿ ಇರುವುದೂ ತಾಮ್ರವೇ. ಊರಿನ ಯಾವ ರೈತನಿಗೂ ಗೊತ್ತಿರುವ ಸಂಗತಿ.

ಅಂದು ಬುಧವಾರವಾಗಿರಲಿಲ್ಲ. ಅವಳ ಹಾಸ್ಟೆಲಿಗೆ ನಾನೇ ಫೋನ್ ಮಾಡಿದೆ. ವಿಷಯ ಹೇಳಿದೆ.

"ಹಾಗಾದ್ರೆ ನನ್ನ ಕೈ ಸರಿ ಇತ್ತಾ ಮೇಡಂ?" ಎಂದಳು.

"ತಾಮ್ರ ಇದೆ. ಮೂರು ಸಲ ನೋಡಿದ್ದೇನೆ. ಪ್ರಾಧ್ಯಾಪಕರಿಗೆ ಇವತ್ತೇ ಪತ್ರ ಬರೀತೀನಿ," ಎಂದು ಹೇಳಿ ಇಟ್ಟೆ. ಅವಳು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಪತ್ರ ಒಂದೂವರೆ ಪುಟ ಆಯಿತು. ಪರೀಕ್ಷೆಯ ವಿಧಾನ, ಫಲಿತಾಂಶ, ಸ್ಟೀಲ್ ಪಾತ್ರೆಯ ಚೊಗರಿಗೆ ತಾಮ್ರದ ಲವಣ ಸೇರಿಸಿ ನೋಡಬೇಕೆಂಬ ಸಲಹೆ, ಇದು ಮೊದಲಿನದಕ್ಕಿಂತ ಮುಖ್ಯವಾದ ವಿಷಯ ಆಗಬಹುದೆಂಬ ಅಭಿಪ್ರಾಯ. ಎಲ್ಲ ಕ್ರಮವಾಗಿ ಬರೆದೆ. ಪಾತ್ರೆಯ ವಿವರ ಪುಸ್ತಕದಲ್ಲಿ ಇಲ್ಲ ಎಂದೂ ಬರೆದೆ. ಏಕೆ ಇಲ್ಲ ಎಂದು ಬರೆಯಲಿಲ್ಲ. ಬರೆಯಲು ಪೆನ್ನು ಹಿಡಿದಿದ್ದೆ. ನನ್ನ ಪುಸ್ತಕದ ಪದ್ಧತಿಯನ್ನು ಹೊಗಳಿ ಬಂದ ಕಾಗದಗಳ ಫೈಲು ಅದೇ ಮೇಜಿನ ಖಾನೆಯಲ್ಲಿತ್ತು. ಮುಖ್ಯವಾದದ್ದು ಫಲಿತಾಂಶ, ಯಾರು ಏನು ಹೇಳಿದರು ಎಂಬುದು ವಿಜ್ಞಾನದ ಮಾತಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಸಹಿ ಹಾಕಿ, ಕಾಲೇಜಿನ ಮೊಹರು ಒತ್ತಿದೆ.

ಮಾರ್ಚ್ ಮೊದಲ ವಾರ ಅವಳು ವಾಪಸು ಬಂದಳು.

ನನ್ನ ಹತ್ತಿರ ಅವಳು ಬಂದದ್ದು ಇನ್ನೂ ಎರಡು ತಿಂಗಳು ಕಳೆದ ಮೇಲೆ, ಬಿ.ಎಡ್.ಗೆ ಸೇರಲು ಅನುಭವದ ಸರ್ಟಿಫಿಕೇಟ್ ಬೇಕಾಗಿ. ಸಣಕಲಾಗಿದ್ದಳು. ನಾನು ಸರ್ಟಿಫಿಕೇಟ್ ಮೊದಲೇ ಬರೆದಿಟ್ಟಿದ್ದೆ. ಅವಳು ಅದನ್ನು ಓದಿ ಚೀಲದಲ್ಲಿ ಇಟ್ಟುಕೊಂಡಳು.

"ಸಮಿತಿಯಲ್ಲಿ ಏನಂದ್ರು?" ಎಂದು ಕೇಳಿದೆ.

"ನಿಮ್ಮ ಪತ್ರ ನನ್ನೆದುರೇ ಓದಿದ್ರು ಮೇಡಂ. ತಾಮ್ರದ ವಿಷಯ ಅವರಿಗೆ ತುಂಬಾ ಇಷ್ಟ ಆಯ್ತು. ಅದನ್ನ ಮುಂದುವರಿಸ್ತಾರೆ, ಬೇರೆ ಹುಡುಗ ಇದ್ದಾನೆ."

"ನಿನ್ನನ್ನ ಯಾಕೆ ಬಿಟ್ರು?"

"ಸಾಮಗ್ರಿ ವಿಜ್ಞಾನ ಮಾಡುವವಳು ಪಾತ್ರೆ ಯಾವ ಲೋಹದ್ದು ಅಂತ ಎರಡು ವರ್ಷ ಬರೀದೇ ಇದ್ರೆ ಹೇಗೆ ನಂಬೋದು ಅಂದ್ರು. ನ್ಯಾಯವಾಗೇ ಇದೆ. ಇದು ನಿನ್ನ ತಪ್ಪೇ ಅಲ್ವಾ ಅಂದ್ರು. ಹೌದು ಅಂದೆ."

"ಯಾಕೆ ಹೌದು ಅಂದೆ? ನೀನು ಕೇಳಿದ್ದೆಯಲ್ಲ. ನಾನೇ ಬೇಡ ಅಂದದ್ದು."

ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನೀವು ಅದನ್ನ ಬರೆದಿರ್ತೀರಿ ಅಂತ ಕೊನೇ ಸಾಲಿನ ತನಕ ಕಾದೆ ಮೇಡಂ. ಇರಲಿಲ್ಲ. ನೀವು ಬರೀದೇ ಇದ್ದದ್ದನ್ನ ನಾನು ಬಾಯಿ ಬಿಟ್ಟು ಹೇಳಿದ್ರೆ ಚಾಡಿ ಹೇಳಿದ ಹಾಗೆ ಆಗ್ತಿತ್ತು."

ನಮಸ್ಕಾರ ಮಾಡಿ ಹೋದಳು. ಅಟೆಂಡರ್ ಜಗಲಿಯಲ್ಲಿ ಅವಳಿಗೆ ಏನೋ ತಮಾಷೆ ಮಾಡಿದ, ಅವಳು ನಕ್ಕ ಸದ್ದೂ ಕೇಳಿತು. ನಂತರ ಅವನು ಒಳಗೆ ಬಂದು, ಒರೆಸಿದ ಮೇಜನ್ನೇ ಮತ್ತೆ ಒರೆಸಿದ. "ದೊಡ್ಡ ಮೇಡಂ, ಅವತ್ತು ನಾನೂ ನಕ್ಕಿದ್ದೆ," ಎಂದ. ಅವನಿಗೆ ಎಲ್ಲ ನೆನಪಿತ್ತು.

ಅದೇ ದಿನ ಎರಡನೆಯ ಪತ್ರ ಬರೆದೆ. ನಾಲ್ಕೇ ಸಾಲು. ಅವಳು ಪಾತ್ರೆಯ ಬಗ್ಗೆ ಬರೆಯಲೇ ಎಂದು ಕೇಳಿದ್ದಳು, ಬೇಡವೆಂದು ತಡೆದವಳು ನಾನು, ಹಿಂದಿನ ಪತ್ರದಲ್ಲಿ ಇದನ್ನು ಮುಚ್ಚಿಟ್ಟವಳೂ ನಾನು, ತಪ್ಪು ಅವಳದಲ್ಲ. ರಿಜಿಸ್ಟರ್ ಮಾಡಿ ಕಳಿಸಿದೆ. ಅದನ್ನು ಬರೆಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಮೊದಲ ಪತ್ರದ ದಿನವೂ ಅಷ್ಟೇ ಹೊತ್ತು ಸಾಕಾಗುತ್ತಿತ್ತು.

ಉತ್ತರ ಬರಲು ಬಹಳ ಕಾಲವಾಯಿತು. ಇನ್ನು ಬರುವುದಿಲ್ಲ ಎಂದುಕೊಂಡಿದ್ದಾಗ, ಮರುವರ್ಷದ ಬೇಸಿಗೆ ರಜೆ ಕಳೆದ ಮೇಲೆ ಬಂತು. ಪ್ರಾಧ್ಯಾಪಕರು ದೊಡ್ಡ ಮನಸ್ಸಿನವರು. ತಾವು ವಿದೇಶದಲ್ಲಿದ್ದು ತಡವಾಗಿ ಪತ್ರ ನೋಡಿದೆವೆಂದೂ, ಇದನ್ನು ಮೊದಲೇ ತಿಳಿದಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತೆಂದೂ, ಹೊಸ ಯೋಜನೆಯಲ್ಲಿ ಸ್ಥಾನವೊಂದು ಖಾಲಿ ಇದೆ, ಅವಳು ಒಪ್ಪಿದರೆ ಸಂದರ್ಶನವಿಲ್ಲದೆ ತೆಗೆದುಕೊಳ್ಳುತ್ತೇವೆಂದೂ ಬರೆದಿದ್ದರು. ನಾನು ಎರಡು ಸಲ ಓದಿ, ಅಂದಿನ ತರಗತಿಗಳನ್ನು ಸಹೋದ್ಯೋಗಿಗೆ ಒಪ್ಪಿಸಿ ರಜೆ ಹಾಕಿದೆ. ತರಗತಿ ಇರುವ ದಿನ ನಾನು ಹಾಗೆ ಎದ್ದು ಹೋದದ್ದು ಅದೊಂದೇ ಸಲ.

ಅವಳು ಆಗ ನರಸಿಂಹರಾಜಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅವಳಿಗೆ ಇಪ್ಪತ್ತೇಳು ಮುಗಿದಿರಬಹುದು. ಈಗ ಸೇರಿದರೆ ನಾಲ್ಕು ವರ್ಷ. ಮೂವತ್ತೆರಡರೊಳಗೆ ಡಾಕ್ಟರೇಟ್. ತಡವೇನಲ್ಲ.

ವಿರಾಮದ ಹೊತ್ತು. ಶಾಲೆಯ ಜಗಲಿಯಲ್ಲಿ ಅವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನಿಂತೇ ಪತ್ರ ಓದಿದಳು. ಓದಿ ಮಡಿಸಿ ಲಕೋಟೆಯೊಳಗೆ ಇಟ್ಟಳು.

"ತುಂಬಾ ಒಳ್ಳೇ ಪತ್ರ ಮೇಡಂ. ನೀವು ಅಲ್ಲಿಂದ ಇದಕ್ಕೋಸ್ಕರ ಬಂದ್ರಾ?"

"ಯಾವಾಗ ಹೊರಡ್ತೀಯ?"

"ಹೋಗಲ್ಲ ಮೇಡಂ."

"ಮದುವೆ ನಿಶ್ಚಯ ಆಗಿದೆಯಾ? ನಿಮ್ಮಪ್ಪ ಬೇಡ ಅಂತಾರಾ?"

"ಮದುವೆ ಇಲ್ಲ. ಅಪ್ಪ ಇದನ್ನ ಕೇಳಿದ್ರೆ ನನ್ನ ಹೊತ್ಕೊಂಡೇ ಹೋಗಿ ಬಿಟ್ಟು ಬರ್ತಾರೆ." ಅವಳು ಸ್ವಲ್ಪ ನಕ್ಕಳು. "ಹೋಗೋಕೆ ಆಗಲ್ಲ ಮೇಡಂ. ಅಲ್ಲಿ ಕೊನೇ ತಿಂಗಳಲ್ಲಿ ಒಂದೇ ಹಲಗೆನ ಹನ್ನೊಂದು ಸಲ ತೂಗಿದೀನಿ. ಹನ್ನೊಂದು ಸಲವೂ ಅಷ್ಟೇ ಬಂತು. ಆದ್ರೂ ನಂಬಿಕೆ ಬರ್ಲಿಲ್ಲ. ತಾಮ್ರ ಅಂತ ಗೊತ್ತಾದ್ಮೇಲಾದ್ರೂ ಸರಿಯಾಗ್ತದೆ ಅಂದ್ಕೊಂಡೆ. ಆಗ್ಲಿಲ್ಲ. ಈಗಲೂ ಅಮ್ಮ ಎರಡು ಪಾವು ಅಕ್ಕಿ ಹಾಕು ಅಂದ್ರೆ, ಹಾಕಿ, ವಾಪಸ್ ಸುರಿದು, ಮತ್ತೆ ಅಳೀತೀನಿ. ಇಂಥವಳು ಅಲ್ಲಿ ಹೋಗಿ ಎಂತ ಮಾಡೂದು?"

"ನಾನು ಹೇಳಿದ್ದು ತಪ್ಪು. ನಿನ್ನ ಕೈ ಸರಿ ಇತ್ತು. ಮೊದಲ ದಿನದಿಂದ ಸರಿ ಇತ್ತು."

"ಗೊತ್ತು ಮೇಡಂ."

"ಗೊತ್ತಿದ್ದ ಮೇಲೆ?"

ಅವಳು ಲಕೋಟೆಯನ್ನು ನನ್ನ ಕೈಗೆ ಕೊಟ್ಟಳು. ಹುಡುಗಿಯೊಬ್ಬಳನ್ನು ಕರೆದು ನನಗೆ ಕುಡಿಯಲು ನೀರು ತರಿಸಿದಳು. ನನ್ನ ಮಂಡಿ ನೋವು ಹೇಗಿದೆ ಎಂದು ಕೇಳಿದಳು. ಈ ಶಾಲೆಯ ಮಕ್ಕಳಿಗೆ ಲಿಟ್ಮಸ್ ಕಾಗದ ಎಂದರೆ ಬಹಳ ಇಷ್ಟ, ಕೆಂಪಾಗುತ್ತದೆ ಇಲ್ಲವೇ ನೀಲಿಯಾಗುತ್ತದೆ, ತೂಗುವ ಕೆಲಸವಿಲ್ಲ ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. "ಬರ್ತೀನಿ ಮೇಡಂ, ಒಂಬತ್ತನೇ ತರಗತಿ," ಎಂದು ಹಾಜರಿ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಜಗಲಿಯಲ್ಲೇ ಕೂತಿದ್ದೆ. ಒಳಗೆ ಅವಳು ಹಾಜರಿ ಕರೆಯುತ್ತಿದ್ದಳು. ಪ್ರತಿಯೊಂದು ಹೆಸರನ್ನೂ ಎರಡು ಸಲ ಕರೆಯುತ್ತಿದ್ದಳು. ಮಕ್ಕಳು ಮೊದಲ ಸಲವೇ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದರು.